ಹಿತ್ತಲಿನ ಮಣ್ಣಿನ ಮಟ್ಟ: ಭಾನುವಾರ ಅಳತೆ

ಎಲ್ಲರಿಗೂ ನಮಸ್ಕಾರ. ಯಾರ ಹಿತ್ತಲಲ್ಲಿ ಬಿಲ್ಡರ್, ನಕ್ಷೆಯಲ್ಲಿರುವುದಕ್ಕಿಂತ ಎತ್ತರಕ್ಕೆ ಮಣ್ಣು ತುಂಬಿಸಿದ್ದಾರೋ ಅವರು ದಯವಿಟ್ಟು ಗಮನಿಸಿ. ಭಾನುವಾರ ಬೆಳಿಗ್ಗೆ 9ಕ್ಕೆ ಎಲ್ಲ ಹಿತ್ತಲುಗಳ ಮಟ್ಟ ಅಳೆಯೋಣ.

ಗೋಡೆಯ ತೇವ ತಡೆಯುವ ಪದರಕ್ಕಿಂತ ಮಣ್ಣು ಸುಮಾರು 150 ಮಿ.ಮೀ. ಕೆಳಗಿರಬೇಕು, ಇಳಿಜಾರು ಗೋಡೆಯಿಂದ ಆಚೆಗಿರಬೇಕು. ನಮ್ಮನೆಯಲ್ಲಿ ಮಣ್ಣು ಆ ಪದರವನ್ನೇ ಮುಚ್ಚಿದೆ. ಮಳೆ ಬಂದರೆ ನೀರು ಗೋಡೆಯ ಬುಡದಲ್ಲೇ ನಿಲ್ಲುತ್ತದೆ, ಒಳಗೆ ಬಣ್ಣ ಉಬ್ಬಿ ಉದುರುತ್ತಿದೆ. ಇದು ಬರೀ ತೋಟದ ಅಂದದ ಪ್ರಶ್ನೆಯಲ್ಲ.

ಕರಾರುಪತ್ರ, ನಕ್ಷೆ ಹುಡುಕಿಡಿ. ಗೋಡೆಗೆ ಟೇಪ್ ಹಿಡಿದು ಫೋಟೋ ತೆಗೆಯಿರಿ. ಅಲ್ಲಿಯವರೆಗೆ ಯಾರೂ ಮಣ್ಣು ತೆಗೆಸಬೇಡಿ, ಸಾಕ್ಷಿಯೇ ಹೋಗುತ್ತದೆ. ಬಾಯಿಮಾತಿನ ಭರವಸೆ ಕೇಳಿದ್ದು ಸಾಕು. ಅಳತೆಗಳ ಸಮೇತ ಎಲ್ಲರೂ ಸಹಿ ಹಾಕಿ ಬಿಲ್ಡರ್‌ಗೆ ಒಂದೇ ಪತ್ರ ಕೊಡೋಣ, ಉತ್ತರವನ್ನೂ ಬರಹದಲ್ಲೇ ಕೇಳೋಣ.

ಬರುವವರು ಶುಕ್ರವಾರ ರಾತ್ರಿಯೊಳಗೆ ಮನೆ ನಂಬರ್ ಇಲ್ಲೇ ಹಾಕಿ.