ಇನ್ನೊಂದು ಲೈಟ್‌ಹೌಸಿನ ಬದಿಯಿಂದ

ನ್ಯೂಪೋರ್ಟ್, ಆರೆಗನ್, ಅಮೆರಿಕ
ಆಗಸ್ಟ್ 20

ಪ್ರೀತಿಯ ಅಮ್ಮ, ಅಪ್ಪ,

ಅಮ್ಮ, ಕಳೆದ ವಾರ ಫೋನಿನಲ್ಲಿ ನೀನು ಕೇಳಿದೆಯಲ್ಲ, "ಎರಡು ನಾಯಿ ಕಟ್ಟಿಕೊಂಡು ಲಾರಿಯಂಥ ಗಾಡಿಯಲ್ಲಿ ಊರೂರು ತಿರುಗುವುದು ಯಾಕೆ, ಪರಿಚಯದವರ ಮನೆಯಲ್ಲಿ ಬಿಟ್ಟು ಹೋಗಬಾರದಾ?" ಎಂದು. ಉತ್ತರ ಕೊಡುವ ಮೊದಲೇ ಲೈನ್ ಕಟ್ ಆಯಿತು. ಅದಕ್ಕೇ ಈ ಪತ್ರ.

ನಾವಿಬ್ಬರು, ನಮ್ಮ ನಾಯಿಗಳಾದ ಪುಟ್ಟಿ, ಚಂಡೆ ಈಗ ಇರುವುದು ಬೆವರ್ಲಿ ಬೀಚ್ ಎಂಬ ಸರ್ಕಾರಿ ಕ್ಯಾಂಪ್‌ಗ್ರೌಂಡಿನಲ್ಲಿ. ಸುತ್ತ ಎತ್ತರದ ಮರಗಳು, ನಡುವೆ ಒಂದು ತೋಡು. ಆ ತೋಡಿನ ಬದಿಯಲ್ಲೇ ನಡೆದು ಹೈವೇಯ ಸೇತುವೆ ಅಡಿಯಿಂದ ನುಗ್ಗಿದರೆ ಎದುರಿಗೇ ಕಡಲು. ಜಾಗ ಆರು ತಿಂಗಳ ಮೊದಲೇ ಬುಕ್ ಮಾಡಿದ್ದೆವು. ಗಾಡಿ ನಿಲ್ಲಿಸಿ ಕಂಬಕ್ಕೆ ಕರೆಂಟಿನ ವಯರು, ನಲ್ಲಿಗೆ ಪೈಪು ಸಿಕ್ಕಿಸಿದರೆ ಮನೆ ತಯಾರು. ಹೊರಡುವ ದಿನ ಟ್ಯಾಂಕು ಖಾಲಿ ಮಾಡುವುದು ಇವರ ಕೆಲಸ. ಮೊದಲು ಕಕ್ಕಸಿನದ್ದು, ಆಮೇಲೆ ಸ್ನಾನ, ಪಾತ್ರೆಯ ನೀರಿನದ್ದು. ಆ ಸಾಬೂನು ನೀರೇ ಪೈಪು ತೊಳೆದುಕೊಂಡು ಹೋಗುತ್ತದೆ. ಗ್ಯಾಸ್ ಸ್ಟವ್ ಇದೆ, ಕುಕ್ಕರ್ ಇದೆ. ನಿನ್ನೆ ಕುಚ್ಚಲಕ್ಕಿ ಗಂಜಿ, ನೀನು ಕಳಿಸಿದ ಮಿಡಿ ಉಪ್ಪಿನಕಾಯಿ.

ಅಪ್ಪ, ಇಲ್ಲಿಂದ ದಕ್ಷಿಣಕ್ಕೆ ಸ್ವಲ್ಪ ದೂರದಲ್ಲಿ ಯಾಕ್ವಿನಾ ಹೆಡ್ ಲೈಟ್‌ಹೌಸ್ ಇದೆ. 93 ಅಡಿ ಎತ್ತರ, ಮೊದಲು ದೀಪ ಹಚ್ಚಿದ್ದು 1873ರಲ್ಲಿ, ಇದೇ ಆಗಸ್ಟ್ 20ರಂದು. ನಮ್ಮ ಕಾಪುವಿನದ್ದು 1901ರದ್ದಲ್ಲವಾ, ಅದಕ್ಕಿಂತ ಹಿರಿಯ. ಅದರ ಬುಡದಲ್ಲಿ ಮರಳಿಲ್ಲ, ಬರೀ ಕಪ್ಪು ಗುಂಡುಕಲ್ಲು. ತೆರೆ ಹಿಂದೆ ಸರಿಯುವಾಗ ಅಷ್ಟೂ ಕಲ್ಲು ಉರುಳಿ ಒಂದೇ ಸಮನೆ ಗಡಗಡ ಸದ್ದು. ಲಾವಾ ಆರಿ ಆದ ಕಲ್ಲಂತೆ. ನೀವು ಮಲ್ಪೆಯಿಂದ ದೋಣಿಯಲ್ಲಿ ಸೈಂಟ್ ಮೇರೀಸ್ ದ್ವೀಪಕ್ಕೆ ಕರೆದುಕೊಂಡು ಹೋಗಿ ಆ ಕಲ್ಲಿನ ಕಂಬಗಳನ್ನು ಮುಟ್ಟಿಸಿದ್ದು ನೆನಪಾಯಿತು. ಇನ್ನೊಂದು ವಿಷಯ ನಿಮಗೆ ಖಂಡಿತ ಹಿಡಿಸುತ್ತದೆ. ಈ ರಾಜ್ಯದಲ್ಲಿ 1967ರ ಕಾನೂನಿನ ಪ್ರಕಾರ ಕಡಲತೀರ ಎಲ್ಲರದ್ದು. ಎಷ್ಟು ದೊಡ್ಡ ಬಂಗಲೆಯವರೂ ಮರಳಿಗೆ ಬೇಲಿ ಹಾಕುವ ಹಾಗಿಲ್ಲ.

ಈ ತೀರಕ್ಕೆ ನಾಯಿ ಕರೆದುಕೊಂಡು ಹೋಗಬಹುದು, ಆದರೆ ಎಲ್ಲ ಕಡೆ ಇಷ್ಟು ಸಲಿಗೆ ಇಲ್ಲ. ನ್ಯಾಷನಲ್ ಪಾರ್ಕುಗಳಲ್ಲಿ ಆರಡಿಯೊಳಗಿನ ಹಗ್ಗ ಕಡ್ಡಾಯ, ಹೆಚ್ಚಿನ ಕಾಲುದಾರಿಗೆ ಬಿಡುವುದೇ ಇಲ್ಲ. ಅಂಥ ಒಂದು ಪಾರ್ಕಿನ, 592 ಮೀಟರ್ ಆಳದ ಕ್ರೇಟರ್ ಲೇಕ್ ಸರೋವರವನ್ನು ನಾವು ಸರದಿಯಲ್ಲಿ ನೋಡಿದೆವು, ಇವರು ನೋಡಿ ಬಂದ ಮೇಲೆ ನಾನು. ಈ ತೀರದಲ್ಲೂ ಸ್ನೋವಿ ಪ್ಲವರ್ ಎಂಬ ಸಣ್ಣ ಹಕ್ಕಿ ಮರಳಲ್ಲಿ ಮೊಟ್ಟೆ ಇಡುವ ಜಾಗಗಳಿಗೆ ಮಾರ್ಚ್ 15ರಿಂದ ಸೆಪ್ಟೆಂಬರ್ 15ರವರೆಗೆ ನಾಯಿ ಒಯ್ಯಬಾರದು. ಕುಂದಾಪುರದ ಕೋಡಿಯಲ್ಲಿ ಆಮೆ ಮೊಟ್ಟೆಗೆ ಕಾವಲು ಕಾಯುತ್ತಾರಲ್ಲ, ಹಾಗೆ. ಇದು ಸರಿಯಾದ ನಿಯಮ ಎಂದೇ ನನಗೆ ಅನಿಸುತ್ತದೆ. ನಮ್ಮ ಚಂಡೆಯಂತೂ ಹಕ್ಕಿ ಕಂಡರೆ ನಿಲ್ಲುವವನಲ್ಲ.

ಒಂದು ದಿನ ಮಾತ್ರ ಜೀವ ಬಾಯಿಗೆ ಬಂದಿತ್ತು. ಘಟ್ಟದ ಆಚೆಯ ಒಂದು ಕ್ಯಾಂಪ್‌ಗ್ರೌಂಡ್, ಉರಿಬಿಸಿಲು. ಎಸಿ ಹಾಕಿ ನಾಯಿಗಳೆರಡನ್ನೂ ಗಾಡಿಯೊಳಗೆ ಬಿಟ್ಟು ಸಾಮಾನು ತರಲು ಹೋದೆವು. ಬರುವಷ್ಟರಲ್ಲಿ ಕಂಬದ ಬ್ರೇಕರ್ ಟ್ರಿಪ್ ಆಗಿ ಎಸಿ ನಿಂತಿತ್ತು. ಬಾಗಿಲು ತೆಗೆದರೆ ಬಚ್ಚಲ ಒಲೆಯ ಬಾಯಿ ತೆಗೆದ ಹಾಗೆ ಬಿಸಿಗಾಳಿ. ಪುಟ್ಟಿ ನಾಲಿಗೆ ಚಾಚಿ ಕಕ್ಕಸಿನ ತಣ್ಣನೆ ನೆಲಕ್ಕೆ ಹೊಟ್ಟೆ ಒತ್ತಿ ಮಲಗಿದ್ದಳು. ಒದ್ದೆ ಬೈರಾಸು ಹಾಕಿ, ಅಂಗಾಲಿಗೆ ನೀರು ಸವರಿ, ಅವಳು ಎದ್ದು ನೀರು ಕುಡಿಯುವವರೆಗೆ ನಾನು ಅಲ್ಲಿಂದ ಏಳಲಿಲ್ಲ. ಈಗ ಒಳಗಿನ ಸೆಕೆ ಏರಿದರೆ ಫೋನಿಗೆ ತಿಳಿಸುವ ಯಂತ್ರ ಇಟ್ಟಿದ್ದೇವೆ. ಆದರೂ ಬಿಸಿಲಲ್ಲಿ ನಾವಿಬ್ಬರೂ ಒಟ್ಟಿಗೆ ಅವನ್ನು ಬಿಟ್ಟು ಹೋಗುವುದಿಲ್ಲ.

ಪುಟ್ಟಿಗೆ ಹನ್ನೆರಡು ತುಂಬಿತು, ಅಮ್ಮ. ಹಿಂಗಾಲು ಸೋತಿವೆ. ಗಾಡಿಯ ಮೆಟ್ಟಿಲಿಗೆ ಮುಂಗಾಲು ಎರಡೂ ಇಟ್ಟು, ತಿರುಗಿ ನನ್ನ ಮುಖ ನೋಡುತ್ತಾ ಕಾಯುತ್ತಾಳೆ. ನೀನು ಕೊಟ್ಟ ಹಳೇ ನೀಲಿ ಕಾಟನ್ ಸೀರೆ ಇದೆಯಲ್ಲ, ಅದನ್ನು ನಾಲ್ಕು ಮಡಿಕೆ ಮಾಡಿ ಅವಳ ಹೊಟ್ಟೆಯಡಿ ತೂರಿಸಿ ಎತ್ತುತ್ತೇನೆ. ಈಗ ಸೀರೆ ಕೈಗೆತ್ತಿಕೊಂಡರೆ ಸಾಕು, ಬಾಲ ಅಲ್ಲಾಡುತ್ತದೆ. ಇವತ್ತು ಬೆಳಿಗ್ಗೆ ಹಾಗೇ ನಡೆಸಿಕೊಂಡು ಹೋಗಿ ನೀರಿನ ಅಂಚಿಗೆ ನಿಲ್ಲಿಸಿದೆ. ಐಸಿನಂಥ ನೀರು, ನನಗೆ ಕಾಲಿಡಲಾಗಲಿಲ್ಲ. ಅವಳು ಕಣ್ಣು ಸಣ್ಣ ಮಾಡಿ ಗಾಳಿ ಮೂಸುತ್ತಾ ತುಂಬ ಹೊತ್ತು ನಿಂತಳು.

ಇವಳನ್ನು ಬಿಟ್ಟು ಹೇಗೆ ಬರಲಿ? ನಾನು ಏಳನೇ ಕ್ಲಾಸಿನಲ್ಲಿದ್ದಾಗ ನಾವೆಲ್ಲ ಮದುವೆಗೆಂದು ಎಂಟು ದಿನ ಮುಂಬಯಿಗೆ ಹೋಗಿದ್ದೆವು. ಪಕ್ಕದ ಮನೆಯವರು ದಿನಾ ಗಂಜಿ ಹಾಕಿದರೂ ಆಗಿನ ನಮ್ಮ ನಾಯಿ ಕಾಳು ಮುಟ್ಟಿರಲಿಲ್ಲ. ನಾವು ಗೇಟು ತೆಗೆದಾಗ ಏಳಲು ತ್ರಾಣವಿಲ್ಲದೆ ಬಾಲವನ್ನಷ್ಟೇ ನೆಲಕ್ಕೆ ಬಡಿದ. ಆ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ನೀನೂ ಅವತ್ತು ಅಡುಗೆಮನೆಯಲ್ಲಿ ಅತ್ತಿದ್ದೆ, ನಾನು ನೋಡಿದ್ದೆ.

ಚೌತಿಗೆ ಗರ್ನಲ್ ಪಟಾಕಿ ಬಿಡುವಾಗ ಮನೆಯ ನಾಯಿ ಕರಿಯನ ಸಂಕಲೆ ಬಿಚ್ಚಿ ಒಳಗೆ ಕರೆದುಕೊಳ್ಳಿ. ಅಪ್ಪನ ಮಂಚದ ಅಡಿಯಲ್ಲಿ ಮಲಗಲಿ, ಪರವಾಗಿಲ್ಲ. ಸೀರೆ ಇನ್ನೊಂದಿದ್ದರೆ ಎತ್ತಿಡು ಅಮ್ಮ, ಇದು ಅಂಚಿನಲ್ಲಿ ಹರಿಯುತ್ತಾ ಬಂದಿದೆ.

ನಿಮ್ಮ ಮಗಳು