ವಿಯೆನ್ನಾಕ್ಕೆ ಹೊರಟ ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ನಾಳೆ ಬೆಳಿಗ್ಗೆ ನೀನು ಹೊರಡುತ್ತೀಯೆ. ನಿನ್ನೆ ಊಟದ ನಡುವೆ ನಾನು ದನಿಯೇರಿಸಿದ್ದು ತಪ್ಪು; ನಿನ್ನ ಮಾತು ಸರಿಯೆಂದು ಆಗಲೇ ತಿಳಿದಿದ್ದರೂ ಒಪ್ಪಿಕೊಳ್ಳದೆ ಎದ್ದುಹೋದದ್ದು ಅದಕ್ಕಿಂತ ದೊಡ್ಡ ತಪ್ಪು. 2008ರ ಭಾರತ–ಅಮೆರಿಕ ಅಣು ಒಪ್ಪಂದದಿಂದಲೇ ನಮ್ಮ ಕೈಗಾ ಅಣುಸ್ಥಾವರಕ್ಕೆ ಇಂಧನ ಬಂತೆಂದು ನಾನು ಹಟ ಹಿಡಿದೆ. ಅಂತರರಾಷ್ಟ್ರೀಯ ತಪಾಸಣೆಗೆ ಒಪ್ಪಿಸಿದ 14 ರಿಯಾಕ್ಟರ್‌ಗಳಲ್ಲಿ ಕೈಗಾದ್ದು ಒಂದೂ ಇಲ್ಲ, ಆ ತಪಾಸಣೆ ಇಲ್ಲದ್ದರಿಂದ ಹೊರದೇಶದ ಯುರೇನಿಯಂ ಇಲ್ಲಿಗೆ ಬರುವಂತೆಯೇ ಇಲ್ಲ ಎಂದು ನೀನು ತಿದ್ದಿದೆ. ನಿನ್ನ ಮಾತೇ ನಿಜ.

ನನ್ನ ಹಟದ ಹಿಂದೆ ಇದ್ದದ್ದು ನಾಲ್ಕನೇ ಯೂನಿಟ್. ಇಂಧನ ತುಂಬುವ ಕೊಳವೆಗಳಾದ 306 ಚಾನೆಲ್‌ಗಳು, ಒಂದೊಂದರಲ್ಲೂ ಅರ್ಧ ಮೀಟರ್ ಉದ್ದದ 12 ಇಂಧನದ ಬಂಡಲ್‌ಗಳು ಕೂರಬೇಕು. ಯಂತ್ರಗಳೆಲ್ಲ ಸಿದ್ಧವಾಗಿದ್ದರೂ ತುಂಬಲು ಇಂಧನವಿರಲಿಲ್ಲ. ಶಿಫ್ಟ್ ಮುಗಿಸಿ ಬರುವಾಗಲೆಲ್ಲ ಆ ಖಾಲಿ ಚಾನೆಲ್‌ಗಳ ಮುಂದೆ ನಿಲ್ಲುತ್ತಿದ್ದೆ. ಪಕ್ಕದಲ್ಲಿ ಓಡುತ್ತಿದ್ದ ಯೂನಿಟ್‌ಗಳನ್ನೂ ಪವರ್ ಇಳಿಸಿ ನಡೆಸುತ್ತಿದ್ದೆವು. ಮನೆಗೆ ಬಂದರೂ ಅದೇ ಯೋಚನೆ. ನೀನು ಲೆಕ್ಕ ಹೇಳಿಸಿಕೊಳ್ಳಲು ಬಂದರೆ ಸಿಡುಕಿ ಕಳಿಸುತ್ತಿದ್ದೆ. ಕೊನೆಗೆ ಆ ಯೂನಿಟ್ ಚಾಲೂ ಆದದ್ದು 2010ರ ನವೆಂಬರ್‌ನಲ್ಲಿ. ಆ ಖಾಲಿ ಚಾನೆಲ್‌ಗಳು ಈಗಲೂ ಕನಸಿನಲ್ಲಿ ಬರುತ್ತವೆ.

ಆದುದರಿಂದ, ಅಮೆರಿಕದ ಒಂದು ರಿಯಾಕ್ಟರ್ ಕೂಡ ಬಂದಿಲ್ಲವೆಂಬ ಒಂದೇ ಕಾರಣಕ್ಕೆ ಒಪ್ಪಂದ ವ್ಯರ್ಥವೆನ್ನಬೇಡ. ಅದು ತೆರೆದ ದಾರಿಯಲ್ಲೇ ರಷ್ಯಾ, ಕಝಾಕಿಸ್ತಾನ, ಕೆನಡಾಗಳ ಯುರೇನಿಯಂ ತಪಾಸಣೆಗೆ ಒಪ್ಪಿಸಿದ ರಾವತಭಾಟ, ಕಾಕ್ರಾಪಾರ ಸ್ಥಾವರಗಳಿಗೆ ಬಂದದ್ದರಿಂದ ನಮ್ಮ ಗಣಿಗಳ ಅದಿರಿನ ಮೇಲಿನ ಒತ್ತಡ ಇಳಿಯಿತು. ಕೈಗಾಕ್ಕೆ ಆದ ಲಾಭ ಸುತ್ತುದಾರಿಯದು, ಆದರೂ ಲಾಭವೇ. ತೆತ್ತ ಬೆಲೆಯನ್ನೂ ಅಷ್ಟೇ ನಿಷ್ಠುರವಾಗಿ ಲೆಕ್ಕ ಹಾಕು: ಮತ್ತೆ ಅಣುಪರೀಕ್ಷೆ ನಡೆಸಿದರೆ ಈ ಸಹಕಾರ ನಿಂತುಹೋಗಬಹುದು. ಇನ್ನೊಂದು ಮಾತು: ಅಪಘಾತವಾದರೆ ಉಪಕರಣ ಪೂರೈಸಿದವರನ್ನೂ ಹೊಣೆ ಮಾಡಿ 2010ರಲ್ಲಿ ಸಂಸತ್ತು ಮಾಡಿದ ಕಾಯ್ದೆ ಅಡ್ಡಗಾಲಾಗಿತ್ತು ಎಂದೆಯಲ್ಲ, ಅದು ನನಗೆ ನೋವಾಯಿತು. ಭೋಪಾಲವನ್ನು ಕಂಡ ದೇಶ ಬೇರೆ ಹೇಗೆ ಬರೆಯಬೇಕಿತ್ತು? ಅಣೆಕಟ್ಟೆಗೆ ಮನೆ ಬಿಟ್ಟುಕೊಟ್ಟ ಕಾಳಿ ದಂಡೆಯ ಜನರ ನಡುವೆ ಬೆಳೆದವಳು ನೀನು. ಪರಿಹಾರವೆಂಬುದು ಎಷ್ಟು ತಡವಾಗಿ ಬರುತ್ತದೆಂದು ನಿನಗೆ ಗೊತ್ತಿಲ್ಲವೇ?

ಮತ್ತೆ ಉಪದೇಶಕ್ಕಿಳಿದೆ, ಕ್ಷಮಿಸು. ಅಪ್ಪ ನಡೆಸಿದ ಯಂತ್ರಗಳಂಥವನ್ನೇ ತಪಾಸಣೆ ಮಾಡುವ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಗೆ ಮಗಳು ಸೇರುತ್ತಿದ್ದಾಳೆಂದು ಟೌನ್‌ಶಿಪ್‌ನಲ್ಲಿ ಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ. ಅಲ್ಲಿಯ ಚಳಿ ನಿನಗೆ ಹೊಸದು, ಜೋಪಾನ. ಎಣಿಕೆಯಲ್ಲಿ ಒಂದು ಬಂಡಲ್ ವ್ಯತ್ಯಾಸ ಕಂಡರೂ, ಅದು ನಮ್ಮ ದೇಶದ್ದೇ ಆಗಿದ್ದರೂ, ಕಂಡದ್ದನ್ನೇ ಬರೆ.

ತಲುಪಿದ ಕೂಡಲೇ ಫೋನ್ ಮಾಡು, ಎಷ್ಟು ಹೊತ್ತಾದರೂ ಎಚ್ಚರವಿರುತ್ತೇನೆ.

ನಿನ್ನ ಅಪ್ಪ