ಒಡವೆ ಬೇರೆ, ಅದರೊಳಗಿನ ಚಿನ್ನ ಬೇರೆ

ಚಿ. ಪುಟ್ಟಿಗೆ,

ನಿನ್ನ ಚಿಕ್ಕಪ್ಪನ ಆಶೀರ್ವಾದಗಳು. ನಿನ್ನ ಪತ್ರ ತಲುಪಿತು. ಕೂಡಿಟ್ಟ ದುಡ್ಡನ್ನೆಲ್ಲ ಹಾಕಿ ಹರಳಿನ ನೆಕ್ಲೇಸ್ ತಗೋಬೇಕು ಅಂದುಕೊಂಡಿದ್ದೀಯ. "ದುಡ್ಡು ಎಲ್ಲೂ ಹೋಗಲ್ಲ ಚಿಕ್ಕಪ್ಪಾ, ಚಿನ್ನ ಅಲ್ವಾ, ಬೇಕಾದಾಗ ಮಾರಿದರಾಯ್ತು" ಅಂತ ಬರೆದಿದ್ದೀಯ. ಬೇಡ ಅಂತ ತಡೆಯುವುದಕ್ಕೆ ಈ ಪತ್ರ ಬರೆಯುತ್ತಿಲ್ಲ. ಆದರೆ ಆ ಮಾತು ಅರ್ಧ ಮಾತ್ರ ನಿಜ. ಹಳೇ ಚಿನ್ನ ಕೊಳ್ಳುವ ಕೌಂಟರಿನ ಒಳಗೆ ಕೂತು ಸಂಬಳ ತಗೊಂಡವನು ನಾನು. ಆ ಕಡೆಯಿಂದ ನೋಡಿದರೆ ಒಡವೆ ಹೇಗೆ ಕಾಣುತ್ತದೆ ಅನ್ನುವುದನ್ನು ನಿನಗೆ ಹೇಳದೆ ಇನ್ಯಾರಿಗೆ ಹೇಳಲಿ?

ಚಿನ್ನದ ಬೆಲೆ ಉಳಿಯುತ್ತದೆಯಾ ಅನ್ನುವುದು ಒಂದು ಪ್ರಶ್ನೆ. ಒಡವೆಯ ಬೆಲೆ ಉಳಿಯುತ್ತದೆಯಾ ಅನ್ನುವುದು ಇನ್ನೊಂದು. ನೀನು ಕೊಳ್ಳುವಾಗ ಲೋಹಕ್ಕೆ ಕೊಡುತ್ತೀಯ, ಮಜೂರಿಗೆ ಕೊಡುತ್ತೀಯ, ಕೆಲವು ಕಡೆ ವೇಸ್ಟೇಜ್ ಅಂತ, ಅಂದರೆ ಕೆಲಸದಲ್ಲಿ ಪೋಲಾದ ಚಿನ್ನಕ್ಕೆ ಅಂತ ಕೊಡುತ್ತೀಯ, ಹರಳಿಗೆ ಬೇರೆ, ತೆರಿಗೆ ಬೇರೆ. ಅಂಗಡಿಯವನ ಲಾಭ ಇದರಲ್ಲೇ ಎಲ್ಲೋ ಸೇರಿರುತ್ತದೆ. ಮಾರುವಾಗ ನಿನ್ನ ಕೈಗೆ ವಾಪಸ್ ಬರುವುದು ಲೋಹದ ದುಡ್ಡು ಮಾತ್ರ, ಅದರಲ್ಲೂ ಸ್ವಲ್ಪ ಕಡಿತ. ಬಟ್ಟೆ ಹಳೆಯದಾದ ಮೇಲೆ ಹೊಲಿಗೆ ಕೂಲಿ ವಾಪಸ್ ಕೊಡಿ ಅಂತ ಯಾರೂ ದರ್ಜಿಯನ್ನು ಕೇಳುವುದಿಲ್ಲ. ಮಜೂರಿಯೂ ಹಾಗೇ. ಒಬ್ಬರು ಕೂತು ಕೆಲಸ ಮಾಡಿದರು, ಅದರ ಕೂಲಿ ತಗೊಂಡರು, ಮುಗಿಯಿತು. ಅದು ಮೋಸ ಅಲ್ಲ.

ಒಂದು ಲೆಕ್ಕ ಹಾಕಿ ನೋಡು. ಒಡವೆಯಲ್ಲಿರುವ ಚಿನ್ನದ ಬೆಲೆ 100 ಅಂತ ಇಟ್ಟುಕೊ. ಮಜೂರಿ, ತೆರಿಗೆ ಎಲ್ಲ ಸೇರಿ ಮೇಲೆ 18 ಅಂತ ಇಟ್ಟುಕೊ. ನೀನು ಕೊಟ್ಟಿದ್ದು 118. ಮರುದಿನವೇ ಮಾರೋಕೆ ಹೋದೆ ಅನ್ನು. ಕೊಳ್ಳುವವನು ಕರಗಿಸುವ ಖರ್ಚು, ತನ್ನ ಲಾಭ ಅಂತ 3 ಕಡಿದು 97 ಕೊಡುತ್ತಾನೆ. ಅಂದರೆ ನೀನು ಕೊಟ್ಟ ಪ್ರತಿ ನೂರಕ್ಕೆ ಸುಮಾರು 82 ವಾಪಸ್. ನಿನ್ನ ದುಡ್ಡು ನಿನಗೆ ಪೂರ್ತಿ ಸಿಗಬೇಕಾದರೆ ಚಿನ್ನದ ರೇಟು ಶೇಕಡಾ 22ರಷ್ಟು ಏರಬೇಕು. ಅದು ಬರೀ ಸಮ ಆಗುವುದಕ್ಕೆ, ಲಾಭಕ್ಕಲ್ಲ! ಈ 18 ಮತ್ತು 3 ನಾನು ಉದಾಹರಣೆಗೆ ಹಿಡಿದದ್ದು. ಯಂತ್ರದಲ್ಲಿ ಮಾಡಿದ ಸಾದಾ ಚೈನಿಗೆ ಇದಕ್ಕಿಂತ ಕಡಿಮೆ ಇರಬಹುದು. ಕುಸುರಿ ಕೆಲಸ ಜಾಸ್ತಿ ಇದ್ದಷ್ಟೂ ಮಜೂರಿ ಮೇಲೇರುತ್ತದೆ. ತೂಕದ ಲೆಕ್ಕ ಬಿಟ್ಟು "ಪೀಸಿಗೆ ಇಷ್ಟು" ಅಂತ ಮಾರುವ ಅಂಗಡಿಗಳೂ ಇವೆ. ಅಲ್ಲಿ ಕೇಳುವ ದುಡ್ಡು ಒಳಗಿನ ಲೋಹದ ಎರಡರಷ್ಟು, ಮೂರರಷ್ಟು ಇರುವುದೂ ಉಂಟು. ಹಾಗಿರುವಲ್ಲಿ ತೂಕ ಎಷ್ಟು ಅಂತ ಕೇಳಿ ನೋಡು, ಮಾತು ತಿರುಗಿಸುತ್ತಾರೆ.

"ಆದರೆ ಎಷ್ಟೋ ಜನ ಹಳೇ ಒಡವೆ ಮಾರಿ ಒಳ್ಳೇ ದುಡ್ಡು ಮಾಡಿದ್ದಾರಲ್ಲ?" ಅಂತ ನೀನು ಕೇಳುತ್ತೀಯ. ಹೌದು, ಮಾಡಿದ್ದಾರೆ. ರೇಟು ಏರಿತು, ಆ ಏರಿಕೆಯ ಅಡಿಯಲ್ಲಿ ಮಜೂರಿಯ ನಷ್ಟ ಮುಚ್ಚಿಹೋಯಿತು. ಅದೇ ದಿನ, ಅದೇ ದುಡ್ಡಿಗೆ ಚಿನ್ನದ ಗಟ್ಟಿಯನ್ನೋ ನಾಣ್ಯವನ್ನೋ ಕೊಂಡಿದ್ದವರು ಅವರಿಗಿಂತ ಜಾಸ್ತಿ ಗ್ರಾಮ್ ಇಟ್ಟುಕೊಂಡಿರುತ್ತಾರೆ. ಆ ಹೋಲಿಕೆಯನ್ನು ಯಾರೂ ಮಾಡಿ ನೋಡುವುದಿಲ್ಲ. ಗಟ್ಟಿಗೂ ನಾಣ್ಯಕ್ಕೂ ಕೊಳ್ಳುವ ಮಾರುವ ರೇಟಿನ ನಡುವೆ ಅಂತರ ಇದ್ದೇ ಇರುತ್ತದೆ, ಸಣ್ಣ ನಾಣ್ಯಕ್ಕೆ ಇನ್ನೂ ಜಾಸ್ತಿ. ಆದರೂ ಒಡವೆಯಷ್ಟಲ್ಲ.

ರೇಟು ಯಾವಾಗಲೂ ಏರುತ್ತಲೇ ಇರುತ್ತದೆ ಅನ್ನುವುದೂ ಒಂದು ನಂಬಿಕೆ ಅಷ್ಟೇ. 1971ರಲ್ಲಿ ಅಮೆರಿಕ ಡಾಲರಿಗೂ ಚಿನ್ನಕ್ಕೂ ಇದ್ದ ಗಂಟು ಬಿಚ್ಚಿತು. ಅಲ್ಲಿಯವರೆಗೆ ಔನ್ಸಿಗೆ 35 ಡಾಲರ್ ಅಂತ ಸರ್ಕಾರಿ ಲೆಕ್ಕ. ಚಿನ್ನದ ಔನ್ಸ್ ಅಂದರೆ 31.1 ಗ್ರಾಮ್, ಅಡುಗೆಮನೆಯ 28 ಗ್ರಾಮಿನ ಔನ್ಸ್ ಅಲ್ಲ, ನೆನಪಿಟ್ಟುಕೊ. ಆಮೇಲೆ ಏರುತ್ತಾ ಏರುತ್ತಾ 1980ರ ಜನವರಿಯಲ್ಲಿ 850 ಡಾಲರ್ ಮುಟ್ಟಿತು. ಆ ತಿಂಗಳು ಡಾಲರ್ ಕೊಟ್ಟು ಕೊಂಡವರ ಗತಿ ನೋಡು. 1999ರಲ್ಲಿ ಅದು 250ರ ಆಸುಪಾಸಿಗೆ ಇಳಿದಿತ್ತು. ಮತ್ತೆ 850 ದಾಟಿದ್ದು 2008ರಲ್ಲಿ. ಹೆಚ್ಚುಕಡಿಮೆ 28 ವರ್ಷ! ಅಷ್ಟರಲ್ಲಿ ಎಲ್ಲದರ ಬೆಲೆಯೂ ಏರಿತ್ತು, ಹಾಗಾಗಿ 850 ಅನ್ನುವುದು ಹಳೇ 850 ಆಗಿರಲಿಲ್ಲ. 2011ರಲ್ಲಿ 1,900 ದಾಟಿ, 2015ರ ಕೊನೆಗೆ 1,050ರ ಹತ್ತಿರ ಬಂತು. 2020ರಲ್ಲಿ ಮತ್ತೆ 2,000 ದಾಟಿತು. 2024, 2025ರಲ್ಲಿ ದಾಖಲೆ ಮೇಲೆ ದಾಖಲೆ. ಈಚಿನ ಏರಿಕೆಯನ್ನಷ್ಟೇ ನೋಡಿದವರಿಗೆ ಚಿನ್ನ ಇಳಿಯುತ್ತದೆ ಅಂದರೆ ನಗು ಬರುತ್ತದೆ. ತುಂಬ ಕಾಲ ಕಾಯುವವರ ಕೈ ಅದು ಬಿಡುವುದಿಲ್ಲ, ನಿಜ. ಆದರೆ ನಿನಗೆ ದುಡ್ಡು ಬೇಕಾದ ವರ್ಷವೇ ಅದು ಮೇಲಿರುತ್ತದೆ ಅಂತ ಯಾರು ಬರೆದುಕೊಟ್ಟಿದ್ದಾರೆ? ಇಟ್ಟಲ್ಲೇ ಇದ್ದು ಬಡ್ಡಿಯನ್ನೂ ಕೊಡುವುದಿಲ್ಲ.

ಇನ್ನು ಕ್ಯಾರೆಟ್, ಅಂದರೆ ಚಿನ್ನ ಎಷ್ಟು ಅಪ್ಪಟ ಅನ್ನುವ ಅಳತೆ. 24 ಅಂದರೆ ಅಪರಂಜಿ. 22 ಅಂದರೆ ನೂರಕ್ಕೆ 91.6, ಒಡವೆಯ ಮೇಲೆ ಒತ್ತಿದ ಮುದ್ರೆಯಲ್ಲಿ 916 ಅಂತ ಇರುತ್ತದೆ. 18ಕ್ಕೆ 750, 14ಕ್ಕೆ 585, 9ಕ್ಕೆ 375. 20 ಗ್ರಾಮಿನ 22 ಕ್ಯಾರೆಟ್ ಸರದಲ್ಲಿ ಅಪ್ಪಟ ಚಿನ್ನ 18.3 ಗ್ರಾಮ್. ಅದೇ ತೂಕದ 18 ಕ್ಯಾರೆಟ್ ಸರದಲ್ಲಿ 15 ಗ್ರಾಮ್. 14ರಲ್ಲಿ 11.7. ಮಿಕ್ಕಿದ್ದು ತಾಮ್ರ, ಬೆಳ್ಳಿ ಇಂಥದ್ದು. ಬಿಳಿ ಚಿನ್ನ ಅಂತ ಕೊಡುವುದೂ ಇದೇ ಚಿನ್ನ, ಬೆಳ್ಳಿಯನ್ನೋ ಪಲ್ಲಾಡಿಯಂ, ನಿಕಲ್‌ಗಳನ್ನೋ ಬೆರೆಸಿ ಮೇಲೆ ಸಾಮಾನ್ಯವಾಗಿ ರೋಡಿಯಂ ಲೇಪ ಕೊಟ್ಟಿರುತ್ತಾರೆ. ಮುದ್ರೆಯನ್ನು ಭೂತಗನ್ನಡಿ ಹಿಡಿದು ಓದು, ನಾಚಿಕೆಪಡಬೇಡ. 925 ಅಂತಿದ್ದರೆ ಅದು ಬೆಳ್ಳಿ, ಹಳದಿ ಬಣ್ಣ ಬರೀ ಲೇಪ. ಜಿಪಿ ಅಂತಿದ್ದರೂ ಲೇಪವೇ. ಜಿಎಫ್ ಅಂತಿದ್ದರೆ ಬೇರೆ ಲೋಹದ ಮೇಲೆ ಚಿನ್ನದ ತಗಡು ಒತ್ತಿದ್ದು. ಕೊಳ್ಳುವಾಗ ಇವೆಲ್ಲ ಒಂದೇ ಥರ ಹೊಳೆಯುತ್ತವೆ.

ಈಗ ಕೌಂಟರಿನ ಒಳಗೆ ಬಾ. ಒಬ್ಬರು ಹಳೇ ಗುಂಡಿನ ಸರ ತಂದರು ಅಂತಿಟ್ಟುಕೊ. ನಾವು ಮೊದಲು ಕೊಂಡಿ ನೋಡುತ್ತಿದ್ದೆವು. ಕೊಂಡಿಯ ಹತ್ತಿರ ಅಯಸ್ಕಾಂತ ಹಿಡಿದರೆ ಎಷ್ಟೋ ಸಲ ಅದು ಮೆಲ್ಲಗೆ ಎಳೆದುಕೊಳ್ಳುತ್ತದೆ. ಒಳಗೆ ಉಕ್ಕಿನ ಸಣ್ಣ ಸ್ಪ್ರಿಂಗ್ ಇರುತ್ತದಲ್ಲ, ಅದಕ್ಕೆ. ಸರ ನಕಲಿ ಅಂತಲ್ಲ, ಆ ಸ್ಪ್ರಿಂಗಿನ ತೂಕಕ್ಕೆ ಚಿನ್ನದ ದುಡ್ಡಿಲ್ಲ ಅಂತ ಅಷ್ಟೇ. ಆಮೇಲೆ ಒರೆಗಲ್ಲು. ಕಲ್ಲಿನ ಮೇಲೆ ಉಜ್ಜಿ, ಪಕ್ಕದಲ್ಲಿ ಗೊತ್ತಿರುವ ಚಿನ್ನದ ಕಡ್ಡಿಯಿಂದ ಇನ್ನೊಂದು ಗೆರೆ ಎಳೆದು, ಎರಡರ ಮೇಲೂ ಆಸಿಡ್ ಹನಿ ಬಿಡುತ್ತೇವೆ. ಕಡಿಮೆ ಕ್ಯಾರೆಟ್ಟಿನ ಗೆರೆ ಕಣ್ಣೆದುರೇ ಮಾಸುತ್ತದೆ. ಈಗ ಹೆಚ್ಚಿನ ಕಡೆ ಎಕ್ಸ್‌ಆರ್‌ಎಫ್ ಅನ್ನುವ, ಎಕ್ಸ್‌ರೇ ಹಾಯಿಸಿ ಲೋಹ ಗುರುತಿಸುವ ಯಂತ್ರ ಬಂದಿದೆ. ಒಡವೆಯನ್ನು ಒಳಗಿಟ್ಟರೆ ಯಾವ ಲೋಹ ಎಷ್ಟು ಅಂತ ತೋರಿಸುತ್ತದೆ. ಆದರೆ ಅದು ನೋಡುವುದು ಮೇಲಿನ ತೆಳು ಪದರವನ್ನು. ಲೇಪ ದಪ್ಪಗಿದ್ದರೆ ಅದೂ ಮೋಸಹೋಗುತ್ತದೆ. ಅದಕ್ಕೇ ಅನುಮಾನ ಬಂದರೆ ಅರದಿಂದ ಉಜ್ಜಿ ಅಥವಾ ಕತ್ತರಿಸಿ ನೋಡುತ್ತಾರೆ. ಕೊನೆಗೆ ಕರಗಿಸುವುದು. ಗುಂಡುಗಳೊಳಗೆ ಅರಗು ತುಂಬಿದ್ದರೆ ಬೆಂಕಿ ತಾಕಿದ ಕೂಡಲೇ ಕಪ್ಪಗೆ ಹೊಗೆಯಾಡುತ್ತಾ ಹೊರಗೆ ಬರುತ್ತದೆ. ತಕ್ಕಡಿಯಲ್ಲಿ ಇಷ್ಟೊತ್ತು ಚಿನ್ನದ ಜೊತೆ ತೂಗಿದ್ದು ಅದೇ! ಮುಖ ಸಪ್ಪಗಾಗುವುದು ಆಗಲೇ. ಬೆಸುಗೆ ಜಾಸ್ತಿ ಇರುವ ಹಳೇ ಒಡವೆ ಕರಗಿಸಿದ ಮೇಲೆ ಮುದ್ರೆಗಿಂತ ಕಡಿಮೆ ಕ್ಯಾರೆಟ್ ತೋರಿಸುವುದೂ ಇದೆ. ಬೆಸುಗೆಯ ಲೋಹದಲ್ಲಿ ಚಿನ್ನದ ಪಾಲು ಕಡಿಮೆ ಇರಬಹುದು.

ನಿನ್ನ ನೆಕ್ಲೇಸಿನ ಹರಳಿನ ವಿಷಯಕ್ಕೆ ಬರುತ್ತೇನೆ. ನನಗೆ ಜಾಸ್ತಿ ಚಿಂತೆ ಇರುವುದು ಅಲ್ಲೇ. ಒಟ್ಟು ತೂಕ 20 ಗ್ರಾಮ್, ಅದರಲ್ಲಿ ಹರಳು 2 ಗ್ರಾಮ್ ಅಂದರೆ ಚಿನ್ನ 18 ಗ್ರಾಮ್. 22 ಕ್ಯಾರೆಟ್ ಆದರೆ ಅಪ್ಪಟ ಚಿನ್ನ 16.5. ಬಿಲ್ಲಿನಲ್ಲಿ ಒಟ್ಟು ತೂಕ, ಹರಳಿನ ತೂಕ, ನಿವ್ವಳ ತೂಕ ಮೂರೂ ಬೇರೆ ಬೇರೆ ಬರೆದಿರಬೇಕು. ಹರಳನ್ನೂ ಚಿನ್ನದ ರೇಟಿಗೇ ತೂಗಿ ಕೊಟ್ಟರೆ ಎದ್ದು ಬಂದುಬಿಡು. ಮಾರುವಾಗ ಸಣ್ಣಪುಟ್ಟ ಹರಳಿಗೆ, ಬಣ್ಣದ ಕಲ್ಲಿಗೆ, ಮುತ್ತಿಗೆ ಹೆಚ್ಚಿನವರು ಏನೂ ಕೊಡುವುದಿಲ್ಲ. ಕಿತ್ತು ಪೊಟ್ಟಣ ಕಟ್ಟಿ ನಿನ್ನ ಕೈಗೇ ಕೊಡುತ್ತಾರೆ. ಸಣ್ಣ ವಜ್ರದ ಕಥೆಯೂ ಅಷ್ಟೇ, ಕೊಂಡ ಬೆಲೆಯ ಹತ್ತಿರಕ್ಕೂ ಬರುವುದಿಲ್ಲ. ದೊಡ್ಡ, ಸರ್ಟಿಫಿಕೇಟ್ ಇರುವ ಕಲ್ಲಿನ ಮಾತು ಬೇರೆ, ಅದನ್ನು ಚಿನ್ನ ಕೊಳ್ಳುವವನ ಹತ್ತಿರ ಒಯ್ಯಲೇಬಾರದು.

ಲೋಹಕ್ಕಿಂತ ಜಾಸ್ತಿ ದುಡ್ಡು ಬರುವ ಒಡವೆಗಳೂ ಇವೆ. ಕಾರ್ಟಿಯೇ ಥರದ ಹೆಸರಾಂತ ಒಡವೆ ಕಂಪನಿಯ ಹೆಸರು ಕೆತ್ತಿರುವವು, ನಿಜವಾಗಿ ಪುರಾತನವಾದವು, ಕೈಕೆಲಸಕ್ಕಾಗಿಯೇ ಸಂಗ್ರಹಿಸುವವರು ಹುಡುಕುವಂಥವು. ಇಂಥವನ್ನು ಕರಗಿಸಿದರೆ ಹಾಳು. ತಿಳಿದವರಿಗೆ ತೋರಿಸದೆ ಯಾವ ಹಳೇ ಒಡವೆಯನ್ನೂ ಬೆಂಕಿಗೆ ಹಾಕಬೇಡ. ಆದರೆ ಇವು ಸಾವಿರಕ್ಕೆ ಒಂದು. ಅಂಗಡಿಯವರು "ನಮ್ಮದು ಬ್ರ್ಯಾಂಡ್ ಮೇಡಂ" ಅಂದ ಮಾತ್ರಕ್ಕೆ ಆ ಸಾಲಿಗೆ ಸೇರುವುದಿಲ್ಲ.

ಮಾರುವ ದಿನ ಬಂದರೆ ಮನೆಯಲ್ಲೇ ತೂಗಿ ನಿವ್ವಳ ತೂಕ ಗೊತ್ತುಮಾಡಿಕೊ. ಅದನ್ನು 0.916ರಿಂದಲೋ 0.75ರಿಂದಲೋ ಗುಣಿಸಿ, ಆ ದಿನದ ಅಪರಂಜಿ ರೇಟು ಹಾಕಿ ನೋಡು. ಆ ಮೊತ್ತ ತಲೆಯಲ್ಲಿ ಇಟ್ಟುಕೊಂಡು ಎರಡು ಮೂರು ಕಡೆ ಕೇಳು. ಕಡಿತ ಎಷ್ಟು ಅಂತ ಬಾಯಿಬಿಟ್ಟು ಕೇಳು. ಕರಗಿಸುವುದಾದರೆ ನಿನ್ನೆದುರೇ ಕರಗಿಸಲಿ. ಎಕ್ಸ್‌ಚೇಂಜ್ ಮಾಡಿದರೆ ಕಡಿತ ಇಲ್ಲ ಅಂತ ಕೆಲವರು ಕರೆಯುತ್ತಾರೆ. ಇರಬಹುದು, ಆದರೆ ಹೊಸ ಒಡವೆಗೆ ಮತ್ತೆ ಮಜೂರಿ ಕಟ್ಟುತ್ತೀಯ. ಫ್ಯಾಷನ್ ಬದಲಾಯಿತು ಅಂತ ಹೀಗೆ ಎರಡು ಮೂರು ಸಲ ಬದಲಾಯಿಸಿದರೆ ಗ್ರಾಮುಗಳು ಕೈಯಿಂದ ಜಾರುತ್ತಲೇ ಹೋಗುತ್ತವೆ, ಗೊತ್ತೂ ಆಗುವುದಿಲ್ಲ.

ಕೆಲವೇ ತಿಂಗಳ ಕೊರತೆ ಆದರೆ ಮಾರಲೂಬೇಡ. ಅಡವಿಡು. ಬಡ್ಡಿ ಎಷ್ಟಾಗುತ್ತದೆ, ಮಾರಿ ಮತ್ತೆ ಕೊಂಡರೆ ಮಜೂರಿ ಎಷ್ಟು ಹೋಗುತ್ತದೆ, ಎರಡನ್ನೂ ಪಕ್ಕಪಕ್ಕ ಬರೆದು ನೋಡು. ಸಾಮಾನ್ಯವಾಗಿ ಬಡ್ಡಿಯೇ ಕಡಿಮೆ. ತೀರಿಸುತ್ತೇನೆ ಅನ್ನುವ ಧೈರ್ಯ ಇಲ್ಲದಿದ್ದರೆ ಮಾತ್ರ ನೇರವಾಗಿ ಮಾರು. ಬಡ್ಡಿಯೂ ಕಟ್ಟಿ, ಒಡವೆಯೂ ಹರಾಜಿಗೆ ಹೋದರೆ ಎರಡೂ ಕಡೆ ಪೆಟ್ಟು.

ಹಾಗಾದರೆ ನೆಕ್ಲೇಸ್ ತಗೊಳ್ಳುವುದಾ ಬೇಡವಾ? ಹಾಕಿಕೊಂಡು ಖುಷಿಪಡಲು ಆದರೆ ತಗೊ. ಚೆಂದದ ವಸ್ತು ಹಾಕಿಕೊಳ್ಳುವುದಕ್ಕೂ ಒಂದು ಬೆಲೆ ಇದೆ, ಅದನ್ನು ಕೊಟ್ಟೆ ಅಂದುಕೊ. ಆದರೆ ಕೂಡಿಟ್ಟ ದುಡ್ಡನ್ನೆಲ್ಲ ಹಾಕಬೇಡ. ನಿನ್ನ ಉಳಿತಾಯದ ಪುಸ್ತಕದಲ್ಲಿ ನಿವ್ವಳ ಚಿನ್ನದ ಬೆಲೆಯನ್ನಷ್ಟೇ ಬರೆ, ಮಿಕ್ಕಿದ್ದನ್ನು ಖರ್ಚಿನ ಕಡೆ ಬರೆ. ಉಳಿತಾಯಕ್ಕೆ ಅಂತಲೇ ಚಿನ್ನ ಬೇಕು ಅಂದರೆ ಗಟ್ಟಿಯೋ ನಾಣ್ಯವೋ ಕೊಂಡು ಬೀಗ ಹಾಕಿಡು. ಎರಡನ್ನೂ ಒಂದೇ ವಸ್ತುವಿನಲ್ಲಿ ಹುಡುಕಬೇಕಾದರೆ ಕಡಿಮೆ ಮಜೂರಿಯ, ಹರಳಿಲ್ಲದ, ಪೊಳ್ಳಲ್ಲದ ಸಾದಾ ಚೈನೇ ಸರಿ. ನಿನಗೆ ಅದು ಬೋಳು ಅನಿಸುತ್ತದೆ ಅಂತ ಗೊತ್ತು.

ದುಡ್ಡು ಕೊಡುವ ಮುಂಚೆ ಅವರ ಹತ್ತಿರ ಅಂದಾಜು ಬಿಲ್ ಬರೆಸಿಕೊಂಡು ಅದರ ಫೋಟೋ ನನಗೆ ಕಳಿಸು. ಮೂರು ತೂಕ, ಕ್ಯಾರೆಟ್, ಮಜೂರಿ ಎಲ್ಲ ಕಾಣುವ ಹಾಗಿರಲಿ. ಇದನ್ನೇ ನೀವು ವಾಪಸ್ ತಗೊಂಡರೆ ಎಷ್ಟು ಕಡಿಯುತ್ತೀರಿ ಅಂತ ಕೇಳಿ, ಅದನ್ನೂ ಬಿಲ್ಲಿನ ಮೇಲೇ ಬರೆಸಿಕೊ. ಅಪ್ಪ ಅಮ್ಮನಿಗೆ ನನ್ನ ನೆನಪು ತಿಳಿಸು.

ಇಂತಿ,
ನಿನ್ನ ಚಿಕ್ಕಪ್ಪ